ಬಾಣಂತಿಯ ಹಾಗೆ ನೋಡಿಕೊಳ್ಳಿ ಎಂದವಳು ನಾನು

ಗ್ಯಾಸ್ ಸಿಲಿಂಡರಿನ ಹೊಟ್ಟೆಗೆ ಹಿಮ ಕಟ್ಟುವುದನ್ನು ನಾನು ಮೊದಲ ಸಲ ಕಂಡದ್ದು ಭೀಮನಬೀಡಿನಲ್ಲಿ, ಡಿಸೆಂಬರಿನ ಒಂದು ಬೆಳಗ್ಗೆ. ಅರವತ್ತು ಲೀಟರ್ ಹಿಡಿಯುವ ಪಾತ್ರೆಯಲ್ಲಿ ತುರಿದ ಶುಂಠಿ, ಬೆಲ್ಲ, ನೀರು. ಅಂಗಳದ ತುಂಬ ಮಂಜು. ಒಲೆ ಹಚ್ಚಿ ಮುಕ್ಕಾಲು ಗಂಟೆಯಾದರೂ ಪಾತ್ರೆ ಕುದಿಯಲಿಲ್ಲ. ಉರಿ ಮಾತ್ರ ಕುಗ್ಗುತ್ತಾ ಕುಗ್ಗುತ್ತಾ ಬೆರಳುದ್ದಕ್ಕೆ ಇಳಿಯಿತು. ಸಿಲಿಂಡರನ್ನು ಮುಟ್ಟಿದರೆ ಕೈ ಕೊರೆಯುವಷ್ಟು ತಣ್ಣಗಿತ್ತು. ಕೆಳಗಿನ ಅರ್ಧಕ್ಕೆ ರಂಗೋಲಿ ಪುಡಿ ಬಳಿದ ಹಾಗೆ ಬಿಳಿ ಹಿಮ.

"ಗ್ಯಾಸ್ಗೂ ಚಳಿ ಆಯ್ತದ ಕನ ಮೇಡಮ್ಮೋರೆ" ಎಂದು ಒಬ್ಬಳು ನಕ್ಕಳು. ಇನ್ನೊಬ್ಬಳು ಆಗಲೇ ಹಂಡೆಯಿಂದ ಕುದಿಯುವ ನೀರು ತುಂಬಿ ತಂದು ಸಿಲಿಂಡರಿನ ನೆತ್ತಿಗೆ ಸುರಿಯಲು ಬಿಂದಿಗೆ ಎತ್ತಿದ್ದಳು. ನಾನು ಕಿರುಚಿದ ರಭಸಕ್ಕೆ ಬಿಂದಿಗೆ ಕೈಜಾರಿ ಅವಳ ಕಾಲ ಬಳಿಯೇ ಬಿತ್ತು. ಮದುವೆ ಅಡುಗೆಯವರೆಲ್ಲ ಹೀಗೇ ಮಾಡುತ್ತಾರೆ ಎಂದು ಅವಳ ವಾದ. ಮಾಡುತ್ತಾರೆ, ನಿಜ. ಒಳಗಿನ ಒತ್ತಡ ಒಮ್ಮೆಲೇ ಏರಿ ಏನಾಗುತ್ತದೆ ಎಂದು ಅವರಿಗೂ ಯಾರೂ ಹೇಳಿಲ್ಲ. ಅವತ್ತು ನಾನು ಎರಡು ಸಿಲಿಂಡರನ್ನು ಒಂದೇ ಕೊಳವೆಗೆ ಜೋಡಿಸಿ, ಭಾರವನ್ನು ಎರಡಕ್ಕೂ ಹಂಚಿದೆ. ಉರಿ ಮತ್ತೆ ಮೇಲೆದ್ದಿತು. ನನ್ನ ಜಂಬವೂ ಅದರ ಜೊತೆಗೇ ಎದ್ದಿತು. ಆ ಜಂಬವನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಅದೇ ತಿಂಗಳು ಒಬ್ಬ ಹೆಣ್ಣುಮಗಳ ಜೀವ ನನ್ನ ಒಂದು ಮಾತಿಗೆ ಸಿಕ್ಕಿ ಒದ್ದಾಡಿತು.

ನಾನು ಚಾಮರಾಜನಗರದ ಒಂದು ತರಬೇತಿ ಸಂಸ್ಥೆಯವಳು. ಭೀಮನಬೀಡಿನ ಐವರು ಹೆಂಗಸರಿಗೆ ಶುಂಠಿ ಬಿಯರ್ ಮಾಡುವುದನ್ನು ಕಲಿಸಲು ನನ್ನನ್ನು ಕಳಿಸಿದ್ದರು. ಬಿಯರ್ ಎಂದರೆ ಮತ್ತೇರಿಸುವ ಬಿಯರ್ ಅಲ್ಲ. ಶುಂಠಿ ಬೆಲ್ಲದ ನೀರನ್ನು ಕುದಿಸಿ, ಆರಿಸಿ, ಯೀಸ್ಟ್ ಹಾಕಿ ಮೂರು ದಿನ ಹುದುಗಲು ಬಿಟ್ಟರೆ ಸೋಡಾದ ಹಾಗೆ ಗುಳ್ಳೆ ಏಳುವ ಪಾನೀಯ. ಕಾಡಿನ ದಾರಿಯ ರೆಸಾರ್ಟುಗಳು ಕೇಳುತ್ತಿದ್ದವು. ಊರ ಗಂಡಸರು ಮೊದಲ ವಾರವಿಡೀ ಒಬ್ಬೊಬ್ಬರಾಗಿ ಲೋಟ ಹಿಡಿದು ಬಂದು, ಕುಡಿದು, ಏನೂ ಆಗದೆ ಪೆಚ್ಚಾಗಿ ಹಿಂದಿರುಗಿದರು. ಹೆಂಗಸರು ಅದನ್ನು 'ಬೀರು' ಎನ್ನುತ್ತಿದ್ದರು. ಬಟ್ಟೆ ಇಡುವ ಬೀರುವಿಗೂ ಇದಕ್ಕೂ ಅವರ ಬಾಯಲ್ಲಿ ವ್ಯತ್ಯಾಸವಿರಲಿಲ್ಲ.

ಒಲೆ ಒಳಗೆ ಬೇಡ, ಅಂಗಳದಲ್ಲೇ ಇರಲಿ ಎಂದವಳು ನಾನೇ. ಅಷ್ಟು ದೊಡ್ಡ ಗ್ಯಾಸ್ ಒಲೆಯನ್ನು ಮುಚ್ಚಿದ ಜಾಗದಲ್ಲಿ ಉರಿಸಬಾರದು ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಗಾಳಿಗೆ ಅಡ್ಡವೆಂದು ಅವರು ಒಲೆಯ ಸುತ್ತ ಟಾರ್ಪಾಲು ಕಟ್ಟಿದಾಗ ಬಿಚ್ಚಿಸಿದೆ. ಮಂಜಿಗೆ ಒದ್ದೆಯಾದ ಚಪ್ಪಡಿ ಜಾರುತ್ತದೆಂದು ಗೋಣಿತಾಟು ಹಾಸಿಸಿದೆ. ಶಾಲಿನ ತುದಿ ಉರಿಗೆ ತಾಗದಂತೆ ಒಳಗೆ ಸಿಕ್ಕಿಸಬೇಕು, ಪಾತ್ರೆಯನ್ನು ಇಬ್ಬರು ಎತ್ತಿಕೊಂಡು ನಡೆಯಬಾರದು, ನಲ್ಲಿಯಿಂದಲೇ ಬಸಿಯಬೇಕು, ಕುದಿಯುವ ಬೆಲ್ಲದ ನೀರು ಮೈಗೆ ಬಿದ್ದರೆ ಅಂಟಿಕೊಂಡು ಸುಡುತ್ತದೆ... ದಿನಕ್ಕೆ ಹತ್ತು ಸಲ ಹೇಳುತ್ತಿದ್ದೆ. ನಾನು ಬಸ್ಸಿಳಿಯುವುದನ್ನು ಕಂಡರೆ ಸಾಕು, ಅವರು ಮಾತಿಲ್ಲದೆ ಶಾಲಿನ ತುದಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದರು. ಬೆಂಕಿ ಅಂಗಳದಲ್ಲಿರುವಷ್ಟು ಹೊತ್ತು ನಾನು ಹದ್ದಿನ ಹಾಗೆ ಕಾದೆ.

ಒಳಗೆ ಒಂದೇ ಕೋಣೆ. ಕುದಿಸಿ ಆರಿಸಿದ್ದನ್ನು ಡ್ರಮ್ಮುಗಳಿಗೆ ತುಂಬಿ ಅಲ್ಲಿ ಇಡುತ್ತಿದ್ದೆವು. ಹೊಸ ಆರ್‌ಸಿಸಿ ಕೋಣೆ. ನೊಣ, ಧೂಳು ನುಗ್ಗಬಾರದೆಂದು ಜಾರುವ ಅಲ್ಯೂಮಿನಿಯಂ ಕಿಟಕಿ, ಅದರ ಅಂಚಿಗೆ ರಬ್ಬರು, ಬಾಗಿಲ ಕೆಳಗೆ ರಬ್ಬರ್ ಪಟ್ಟಿ. ಗೋಡೆಯ ಮೇಲ್ಭಾಗದಲ್ಲಿದ್ದ ಗವಾಕ್ಷಿಯನ್ನೂ ಸಿಮೆಂಟಿನಿಂದ ಮುಚ್ಚಿಸಿದ್ದು ನಾನೇ. ಪರಿಶೀಲನೆಗೆ ಬಂದವರು "ಬಹಳ ಸ್ವಚ್ಛವಾಗಿದೆ" ಎಂದು ಹೊಗಳಿ ಹೋಗಿದ್ದರು.

ಮೊದಲ ಸಲದ್ದು ಕೆಟ್ಟಿತು. ಚಳಿಗೆ ಯೀಸ್ಟ್ ಮಲಗಿಬಿಟ್ಟಿತು. ಮೂರು ದಿನವಾದರೂ ಒಂದು ಗುಳ್ಳೆ ಏಳಲಿಲ್ಲ, ನಾಲ್ಕನೆಯ ದಿನ ಮೇಲೆ ಬೂಷ್ಟು. ಅಷ್ಟನ್ನೂ ತಿಪ್ಪೆಗೆ ಸುರಿದೆವು. ಎರಡನೆಯ ಸಲ ಒಂದಿಷ್ಟು ಗುಳ್ಳೆ ಕಂಡಿದ್ದೇ ತಡ, ನಾನು ಅವಸರಪಟ್ಟು ಬಾಟಲಿಗೆ ತುಂಬಿಸಿದೆ. ಬೆಳಗಿನ ಚಳಿಯಲ್ಲಿ ಸುಮ್ಮನಿದ್ದ ಯೀಸ್ಟ್ ಮಧ್ಯಾಹ್ನದ ಬಿಸಿಲಿಗೆ ಎಚ್ಚರಗೊಂಡಿತು. ಜಗಲಿಯ ಮೇಲಿದ್ದ ಬಾಟಲಿಗಳು ಒಂದರ ಹಿಂದೊಂದು ಸಿಡಿದವು. ಒಂದು ಗಾಜಿನ ಚೂರು ಬಾಗಿಲ ಮರಕ್ಕೆ ಹೊಕ್ಕು ನಿಂತಿತ್ತು. ಯಾರಿಗೂ ಗಾಯವಾಗಲಿಲ್ಲ ಎಂಬುದೇ ಪುಣ್ಯ. ಅಂದಿನಿಂದ ಪ್ರತಿ ಸಾಲಿನಲ್ಲೂ ಒಂದು ಪ್ಲಾಸ್ಟಿಕ್ ಬಾಟಲಿ ಇಡುವ ಕ್ರಮ ಮಾಡಿದೆ. ಅದನ್ನು ಹಿಸುಕಿ ನೋಡಿದರೆ ಒಳಗಿನ ಒತ್ತಡ ಕೈಗೆ ತಿಳಿಯುತ್ತದೆ.

ಮೂರನೆಯದೂ ಕೆಟ್ಟರೆ ಪಾತ್ರೆ, ಡ್ರಮ್ಮು ಎಲ್ಲವನ್ನೂ ಬೇರೆ ತಾಲ್ಲೂಕಿಗೆ ಸಾಗಿಸುವುದಾಗಿ ನಮ್ಮ ಸಂಯೋಜಕರು ಹೇಳಿದರು. ಹೆಂಗಸರು ತಲೆ ಮೇಲೆ ಕೈ ಹೊತ್ತು ಕೂತರು. ಆ ಕೆಲಸ ಹೋದರೆ ಮತ್ತೆ ಶುಂಠಿ ಕೀಳುವ ಕೂಲಿಗೆ ಜೀಪು ಹತ್ತಬೇಕಾಗಿತ್ತು. ನನಗೆ ಅವರ ಮುಖ ನೋಡಲು ಆಗುತ್ತಿರಲಿಲ್ಲ.

ಅವರಲ್ಲಿ ಇಬ್ಬರ ಬಗ್ಗೆ ಹೇಳಬೇಕು. ಒಬ್ಬಳಿಗೆ ಮೂವತ್ತರ ಆಸುಪಾಸು. ಪಿಯುಸಿ ಓದಿದವಳು ಅವಳೊಬ್ಬಳೇ ಆದ್ದರಿಂದ ಥರ್ಮಾಮೀಟರ್ ಅವಳ ಕೈಯಲ್ಲಿರುತ್ತಿತ್ತು. ಥರ್ಮಾಮೀಟರಿನವಳು ಎಂದೇ ನಾವು ಕರೆಯುತ್ತಿದ್ದೆವು. ಇನ್ನೊಬ್ಬರು ಎಲ್ಲರೂ ದೊಡ್ಡವ್ವ ಎನ್ನುತ್ತಿದ್ದ ಹಿರಿಯರು. ಗುಂಪಿನ ಯಜಮಾನಿಕೆ ಅವರದು. ಸುತ್ತಲಿನ ಊರುಗಳಲ್ಲಿ ಬಾಣಂತನ ಮಾಡಲು ಅವರನ್ನೇ ಕರೆಯುತ್ತಿದ್ದರು. ಎಷ್ಟು ಮಕ್ಕಳನ್ನು ಕಾಲ ಮೇಲೆ ಮಲಗಿಸಿಕೊಂಡು ಎರೆದಿದ್ದಾರೋ ಅವರಿಗೇ ಲೆಕ್ಕವಿರಲಿಲ್ಲ.

ಮೂರನೆಯ ಸಲ ಡ್ರಮ್ಮು ತುಂಬಿದ ದಿನ ನಾನು ಎಲ್ಲರನ್ನೂ ಕೋಣೆಯಲ್ಲಿ ನಿಲ್ಲಿಸಿ, ಇದು ಇಪ್ಪತ್ತೈದು ಡಿಗ್ರಿಗಿಂತ ಕೆಳಗೆ ಇಳಿಯಲೇಬಾರದು ಎಂದೆ. ಥರ್ಮಾಮೀಟರಿನವಳು ತಲೆಯಾಡಿಸಿದಳು. ದೊಡ್ಡವ್ವ ಮಾತ್ರ, "ಇಪ್ಪತ್ತೈದು ಅಂದ್ರ ನಮ್ಗೇನ್ ತಿಳಿತದ ಮೇಡಮ್ಮೋರೆ, ತಿಳಿಯಂಗ್ ಏಳಿ" ಎಂದರು.

ನನಗೆ ಥಟ್ಟನೆ ಹೊಳೆಯಿತು. ಹೊಳೆದದ್ದಕ್ಕೆ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

"ಬಾಣಂತಿ ಥರ ನೋಡ್ಕೊಳ್ಳಿ ದೊಡ್ಡವ್ವ. ಬೆಚ್ಚಗಿರ್ಬೇಕು. ಗಾಳಿ ಸೋಕಬಾರ್ದು. ಅಷ್ಟೇ."

ಎಲ್ಲರೂ ಕಿಲಕಿಲ ನಕ್ಕರು. "ಅಂಗ್ ಏಳಿ ಮತ್ತ! ಈಗ ತಿಳೀತು ಬುಡಿ" ಎಂದರು ದೊಡ್ಡವ್ವ. ಡ್ರಮ್ಮುಗಳಿಗೆ ಕಂಬಳಿ ಸುತ್ತಿದರು. ಒಂದರ ತಲೆಗೆ ಹಳೆಯ ಸೀರೆಯ ತುಂಡಿನಿಂದ ಕುಲಾವಿ ಕಟ್ಟಿದರು. ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿದರು. ನಾನೂ ನಕ್ಕು ನಾಲ್ಕು ಗಂಟೆಯ ಬಸ್ಸು ಹತ್ತಿದೆ.

ನನ್ನ ಮನಸ್ಸಿನಲ್ಲಿದ್ದದ್ದು ಕಂಬಳಿ ಮಾತ್ರ. ಬಾಣಂತಿಯನ್ನು ಹೇಗೆ ನೋಡಿಕೊಳ್ಳುತ್ತಾರೆಂದು ನನಗಿಂತ ಅವರಿಗೆ ಚೆನ್ನಾಗಿ ಗೊತ್ತಿತ್ತು.

ಮರುದಿನ ಬಂದು ನೋಡಿದರೆ ಥರ್ಮಾಮೀಟರ್ ಇಪ್ಪತ್ತಾರು ತೋರಿಸುತ್ತಿತ್ತು. ಡ್ರಮ್ಮಿಗೆ ಕಿವಿಯಿಟ್ಟರೆ ಒಳಗೆ ಸಣ್ಣಗೆ ಗುಜುಗುಜು. ನನಗೆ ಕುಣಿಯುವಷ್ಟು ಖುಷಿಯಾಯಿತು. ಕಂಬಳಿಯೊಂದರಿಂದ ಇಷ್ಟು ಶಾಖ ಹೇಗೆ ಎಂದು ನಾನು ಕೇಳಲಿಲ್ಲ. ಈಗಲೂ ನನ್ನನ್ನು ಚುಚ್ಚುವುದು ಅದೇ. ಕೇಳಿದ್ದರೆ ಅವರು ಹೇಳುತ್ತಿದ್ದರು. ಮುಚ್ಚಿಡುವಂಥದ್ದು ಅವರ ಮಟ್ಟಿಗೆ ಅದರಲ್ಲಿ ಏನೂ ಇರಲಿಲ್ಲ.

"ತಲ ಸಿಡೀತಾ ಅದ ಮೇಡಮ್ಮು, ಒಟ್ಟೆ ತೊಳಸ್ದಂಗ್ ಆಯ್ತದ" ಎಂದಳು ಥರ್ಮಾಮೀಟರಿನವಳು. ಚಳಿಗಾಳಿಗೆ ಕಿವಿ ಬಿಟ್ಟುಕೊಂಡು ಓಡಾಡಿದರೆ ಇನ್ನೇನಾಗುತ್ತದೆ ಎಂದು ಗದರಿ, ಬ್ಯಾಗಿನಿಂದ ಮಾತ್ರೆ ಕೊಟ್ಟೆ. ಎರಡನೆಯ ದಿನವೂ ಅದೇ ದೂರು, ಅದೇ ಮಾತ್ರೆ.

ಮೂರನೆಯ ದಿನ ಬಾಟಲಿ ತುಂಬುವುದಿತ್ತು. ಬೆಳಗಿನ ಮೊದಲ ಬಸ್ಸಿಗೇ ಹೊರಟು ಗುಂಡ್ಲುಪೇಟೆಯಲ್ಲಿಳಿದೆ. ಅಲ್ಲಿ ನಮಗೆ ಶುಂಠಿ ಕೊಡುತ್ತಿದ್ದ ಮಲಯಾಳಿ ಸಿಕ್ಕಿದರು. ವಯನಾಡಿನವರು, ಇಲ್ಲಿ ಜಮೀನು ಗುತ್ತಿಗೆ ಹಿಡಿದು ಶುಂಠಿ ಬೆಳೆಯುತ್ತಿದ್ದವರು. ಅವರ ಜೀಪಿನಲ್ಲೇ ಮೂಟೆಗಳ ನಡುವೆ ಕೂತು ಭೀಮನಬೀಡಿಗೆ ಬಂದೆ. ಅಂಗಳದಲ್ಲಿ ಮೂವರು ಹೆಂಗಸರು ಬಾಟಲಿ ತೊಳೆಯುತ್ತಿದ್ದರು. ದೊಡ್ಡವ್ವ ಆಗ ತಾನೇ ಬೀದಿಯ ತುದಿಯಲ್ಲಿ ಬರುತ್ತಿದ್ದರು.

ಥರ್ಮಾಮೀಟರಿನವಳೆಲ್ಲಿ ಎಂದೆ.

"ಒಳಗ್ ಮನಗವ್ಳೆ. ಇನ್ನೂ ಎದ್ದಿಲ್ಲ."

"ಒಳಗೆ ಅಂದ್ರೆ?"

"ಡ್ರಮ್ಮಿನ್ ಕ್ವಾಣೆಲಿ. ಬಾಣಂತಿನ ಒಬ್ಳೇ ಬುಡ್ಬಾರ್ದು ಅಂತ ದಿನಾ ಅವ್ಳೇ ಮನಗದು."

ಗಾಳಿಯಾಡದಂತೆ ನಾನೇ ಮುಚ್ಚಿಸಿದ ಕೋಣೆ ಅದು. ಬಾಗಿಲು ತಳ್ಳಿದೆ, ಒಳಗಿನಿಂದ ಚಿಲಕ. ಕೂಗಿದೆ, ಬಡಿದೆ. ಬಾಗಿಲ ಕೆಳಗೆ ಒಳಗಿನಿಂದ ಗೋಣಿ ತುರುಕಿದ್ದರು. ಕಿಟಕಿಯ ಗಾಜಿನಾಚೆ ಕಂಬಳಿ ಇಳಿಬಿಟ್ಟಿತ್ತು. ಒಳಗೆ ಏನಿಟ್ಟಿದ್ದೀರಿ ಎಂದು ನಾನು ಅರಚಿದೆ.

"ಅಗ್ಗಿಷ್ಟಿಕೆ. ಕೆಂಡ. ರಾತ್ರಿ ಮಡಗಿ ಒತ್ತಾರೆ ತಗದ್ಬುಡ್ತೀವಿ" ಎಂದಳು ಒಬ್ಬಳು, ಇದೇನು ಕೇಳುವ ಮಾತೇ ಎಂಬಂತೆ.

ಪಾತ್ರೆ ಕಲಕುವ ಕಬ್ಬಿಣದ ಸಟ್ಟುಗ ಎತ್ತಿಕೊಂಡು ಕಿಟಕಿಯ ಗಾಜು ಒಡೆದೆ. ಅಷ್ಟರಲ್ಲಿ ಮಲಯಾಳಿ "ಎಂದು ಪಟ್ಟಿ ಚೇಚಿ, ಏನಾಯ್ತು?" ಎಂದು ಓಡಿಬಂದವರು, ನನ್ನ ಮುಖ ನೋಡಿ ಮತ್ತೇನೂ ಕೇಳದೆ ಭುಜ ಕೊಟ್ಟು ಬಾಗಿಲು ಮುರಿದರು. ಉಸಿರು ಬಿಗಿಹಿಡಿದು ಒಳಗೆ ಹೋದೆವು. ಅವಳು ಡ್ರಮ್ಮಿನ ಪಕ್ಕ ಚಾಪೆಯ ಮೇಲೆ ಬಿದ್ದಿದ್ದಳು, ಒಂದು ಕೈ ಬಾಗಿಲ ಕಡೆ ಚಾಚಿತ್ತು. ವಾಂತಿ ಮಾಡಿಕೊಂಡಿದ್ದಳು. ಮೂಲೆಯಲ್ಲಿ ಅಗ್ಗಿಷ್ಟಿಕೆ. ಕೆಂಡ ಬೂದಿ ಮುಚ್ಚಿಕೊಂಡಿದ್ದರೂ ಒಳಗೆ ಇನ್ನೂ ಜೀವವಿತ್ತು. ಹೊಗೆ ಇಲ್ಲ, ವಾಸನೆಯಿಲ್ಲ. ಬೆಚ್ಚಗೆ ಹಿತವಾಗಿತ್ತು ಆ ಕೋಣೆ.

ಅಂಗಳಕ್ಕೆ ಎಳೆದು ತಂದು ಮಲಗಿಸಿದೆವು. ಉಸಿರು ಇತ್ತೋ ಇಲ್ಲವೋ ಎನ್ನುವ ಹಾಗೆ ಆಡುತ್ತಿತ್ತು. ಒಬ್ಬಳು ಓಡಿಹೋಗಿ ಕಂಬಳಿ ತಂದು ಕತ್ತಿನವರೆಗೆ ಹೊದಿಸಿದಳು. ಇನ್ನೊಬ್ಬಳು ಈರುಳ್ಳಿ ಜಜ್ಜಿ ಮೂಗಿಗೆ ಹಿಡಿದಳು. ಅಕ್ಕಪಕ್ಕದವರೆಲ್ಲ ಸುತ್ತುವರಿದು, "ಗಾಳಿ ಸೋಕ್ಬುಟ್ಟದ, ಗಾಳಿ ಮೆಟ್ಕೊಂಡದ, ಬೂದಿ ಆಕಕ್ ದೇವ್ರ್ ಗುಡ್ಡಪ್ಪನ್ನ ಕರಿರಿ" ಎನ್ನತೊಡಗಿದರು. ಗಾಳಿ ಸೋಕಿಲ್ಲ, ಗಾಳಿಯೇ ಸಿಕ್ಕಿಲ್ಲ, ದೂರ ಹೋಗಿ, ದೂರ ಹೋಗಿ ಎಂದು ನಾನು ಕೈಗೆ ಸಿಕ್ಕವರನ್ನೆಲ್ಲ ತಳ್ಳಿದೆ. ಬಾಯಿಗೆ ಬಂದದ್ದನ್ನು ಬೈದೆ. ಅವಳ ಅತ್ತೆಯನ್ನೂ ತಳ್ಳಿದೆನಂತೆ, ನನಗೆ ನೆನಪಿಲ್ಲ.

ಆಂಬುಲೆನ್ಸಿಗೆ ಕಾಯಲು ಧೈರ್ಯ ಬರಲಿಲ್ಲ. ಶುಂಠಿ ಮೂಟೆಗಳನ್ನು ಬೀದಿಗೆ ಉರುಳಿಸಿ ಜೀಪಿನಲ್ಲಿ ಮಲಗಿಸಿಕೊಂಡು ಗುಂಡ್ಲುಪೇಟೆಗೆ ಹೊರಟೆವು. ದಾರಿಯುದ್ದಕ್ಕೂ ಅವಳ ಹೆಸರು ಹಿಡಿದು ಕೂಗುತ್ತಲೇ ಇದ್ದೆ. ಗುಂಡ್ಲುಪೇಟೆಯ ಆಸ್ಪತ್ರೆಯಲ್ಲಿ ಆಮ್ಲಜನಕ ಹಾಕಿ, ಅಲ್ಲಿಂದಲೇ ಆಂಬುಲೆನ್ಸಿನಲ್ಲಿ ಚಾಮರಾಜನಗರಕ್ಕೆ ಕಳಿಸಿದರು. ಆಂಬುಲೆನ್ಸಿನಲ್ಲಿ ನಾನು, ಹಿಂದೆ ಜೀಪಿನಲ್ಲಿ ದೊಡ್ಡವ್ವ ಮತ್ತು ಅವಳ ಅತ್ತೆ. ತೆರಕಣಾಂಬಿ ದಾಟುವಾಗ ಅವಳ ಕೈಬೆರಳು ಒಮ್ಮೆ ಅದುರಿದ ಹಾಗಾಯಿತು. ಆಮೇಲೆ ಮತ್ತೆ ಇಲ್ಲ.

ಚಾಮರಾಜನಗರದಲ್ಲಿ ಅವಳನ್ನು ಒಳಗೆ ಕರೆದೊಯ್ದ ಮೇಲೆ ವೈದ್ಯೆಯೊಬ್ಬರು ಹೊರಗೆ ಬಂದು, ಕೋಣೆಯಲ್ಲಿ ಕೆಂಡ ಇತ್ತಾ ಎಂದು ಕೇಳಿದರು. ಇತ್ತು ಎಂದೆ.

"ಮುಚ್ಚಿದ ಕೋಣೆಯಲ್ಲಿ ಕೆಂಡದಿಂದ ವಿಷಾನಿಲ ಬರುತ್ತೆ, ಕಾರ್ಬನ್ ಮಾನಾಕ್ಸೈಡ್. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತಕ್ಕೆ ಸೇರಿಬಿಟ್ರೆ ಆಮ್ಲಜನಕಕ್ಕೆ ಜಾಗ ಬಿಡೋದಿಲ್ಲ. ಮೊದಲು ತಲೆನೋವು, ವಾಕರಿಕೆ, ಆಮೇಲೆ ಮಂಪರು. ಏಳಬೇಕು ಅನ್ನಿಸಿದ್ರೂ ಕಾಲು ಬರೋದಿಲ್ಲ. ಈ ದಿನಗಳಲ್ಲಿ ತಲೆನೋವು ಅಂದಿದ್ರಾ?"

ಅಂದಿದ್ದಳು. ಎರಡು ದಿನ ಅಂದಿದ್ದಳು. ನಾನು ಮಾತ್ರೆ ಕೊಟ್ಟಿದ್ದೆ.

"ಬದುಕ್ತಾಳಾ ಡಾಕ್ಟರೇ?"

"ಪ್ರಯತ್ನ ಮಾಡ್ತಿದ್ದೀವಿ. ಎಚ್ಚರ ಆಗೋ ತನಕ ಏನೂ ಹೇಳೋಕಾಗಲ್ಲ."

ದೊಡ್ಡವ್ವ ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದರು. ವೈದ್ಯೆ ಒಳಗೆ ಹೋದ ಮೇಲೆ ನನ್ನನ್ನು ನೋಡಿ ಕೇಳಿದರು.

"ಆ ತಲನೋವು ಕೆಂಡುದ್ದಾ ಮೇಡಮ್ಮೋರೆ?"

"ಹೌದು ದೊಡ್ಡವ್ವ."

"ನಲವತ್ ವರ್ಸದಿಂದ ಮಡಗ್ತಾ ಇವ್ನಿ. ಯಾರ್ಗೂ ಏನೂ ಆಗ್ನಿಲ್ವಲ್ಲ."

ಉತ್ತರವನ್ನು ಅವರೇ ಹುಡುಕಿಕೊಂಡರು. ತಲೆಯೆತ್ತಿ ಆಸ್ಪತ್ರೆಯ ಸೂರು ನೋಡಿ, "ಆಗೆಲ್ಲ ಎಂಚಿನ್ ಮನೆ" ಎಂದರು. "ಬಾಗ್ಲು ಕಿಟ್ಕಿ ಮುಚ್ಚುದ್ರೂ ಎಂಚಿನ್ ಸಂದಿಲಿ ಆ ಗಾಳಿ ಓಗ್ಬುಡದು. ಈಗ ಎಲ್ಲಾ ತಾರ್ಸಿ." ಹಾಗೆಂದವರು ಇದ್ದಕ್ಕಿದ್ದಂತೆ ಬೆರಳು ಮಡಚತೊಡಗಿದರು. ಒಂದು, ಎರಡು, ಮೂರು. ಮೂರನೆಯ ಬೆರಳು ಮಡಚಿದವರು ಎದ್ದು ನಿಂತರು.

"ಏನು ದೊಡ್ಡವ್ವ?"

"ಮೂರ್ ಮನೆಲಿ ಮಡಗ್ಸಿವ್ನಿ ಕನವ್ವ. ಮೂರೂ ತಾರ್ಸಿ ಮನೆ."

ಮೂರು ಮನೆಯಲ್ಲಿ ಬಾಣಂತಿಯರಿದ್ದರು. ಎರಡು ಭೀಮನಬೀಡಿನಲ್ಲೇ. ಇನ್ನೊಂದು ಕುದೇರಿನಲ್ಲಿ, ಅವರ ಮಗಳ ಮನೆ. ಮೊಮ್ಮಗಳಿಗೆ ಹೆರಿಗೆಯಾಗಿ ಹದಿನೆಂಟು ದಿನ. ಹಿಂದಿನ ವಾರ ಹೋಗಿ ಮಗುವಿಗೆ ಎರೆದು, ಕೆಂಡ ಆರದ ಹಾಗೆ ನೋಡಿಕೊಳ್ಳಿ ಎಂದು ಹೇಳಿ ಬಂದಿದ್ದರು.

ಅವರ ಫೋನು ಇಸಿದುಕೊಂಡು ನಾನೇ ಒತ್ತಿದೆ. ಭೀಮನಬೀಡಿನ ಇಬ್ಬರೂ ತಕ್ಷಣ ತೆಗೆದರು. ಬಾಗಿಲು ಕಿಟಕಿ ತೆರೆಯಿರಿ, ಕೆಂಡ ಹೊರಗೆ ಹಾಕಿ, ತಾಯಿ ಮಗುವನ್ನು ಬಿಸಿಲಿಗೆ ತನ್ನಿ, ತಲೆನೋವಿದ್ದರೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಎಂದೆ. ನನ್ನ ಮಾತು ನಂಬದಿದ್ದರೆ ಎಂದು ದೊಡ್ಡವ್ವನ ಕೈಗೂ ಕೊಟ್ಟೆ. ಕುದೇರಿನ ಫೋನು ರಿಂಗಾಯಿತು. ಯಾರೂ ತೆಗೆಯಲಿಲ್ಲ. ಮತ್ತೆ ಒತ್ತಿದೆ. ಐದು ಸಲ, ಆರು ಸಲ.

ಅದೇ ಹೊತ್ತಿಗೆ ನನ್ನ ಫೋನಿಗೆ ಸಂಯೋಜಕರ ಕರೆ ಬಂತು. ವಿಷಯ ಅವರಿಗೆ ಹೇಗೋ ಮುಟ್ಟಿತ್ತು.

"ಎಲ್ಲಿದ್ದೀರಿ? ಮೊದಲು ಆಫೀಸಿಗೆ ಬನ್ನಿ. ಪೊಲೀಸರು ಕೇಳೋದಕ್ಕೆ ಮುಂಚೆ ವರದಿ ರೆಡಿ ಇರ್ಬೇಕು. ತರಬೇತಿಯ ಸೂಚನೆ ಮೀರಿ ಕೆಂಡ ಇಟ್ಟರು ಅಂತ ಬರೆದುಬಿಡಿ. ನಿಮಗೂ ಅದೇ ಕ್ಷೇಮ."

ಆಫೀಸು ಆಸ್ಪತ್ರೆಯಿಂದ ಹತ್ತು ನಿಮಿಷದ ದಾರಿ. ಸುಳ್ಳು ಹೇಳುವುದಿಲ್ಲ, ಒಂದು ಕ್ಷಣ ನನ್ನ ಕಾಲು ಅತ್ತ ಕಡೆ ಎಳೆಯಿತು. ಅವರು ಹೇಳಿದ್ದರಲ್ಲಿ ಪೂರ್ತಿ ಸುಳ್ಳೂ ಇರಲಿಲ್ಲ. ಕೆಂಡ ಇಡಿ ಎಂದು ನಾನು ಹೇಳಿರಲಿಲ್ಲವಲ್ಲ. ದೊಡ್ಡವ್ವ ಇನ್ನೂ ಫೋನನ್ನು ಕಿವಿಗೆ ಒತ್ತಿಕೊಂಡು, ಅದರಲ್ಲಿ ಬರುತ್ತಿದ್ದ ರಿಂಗಿನ ಸದ್ದನ್ನು ಕೇಳುತ್ತಾ ನಿಂತಿದ್ದರು.

"ಇನ್ನೊಂದು ಮನೆಗೆ ಹೋಗಬೇಕು ಸರ್" ಎಂದೆ. ಯಾರ ಮನೆ, ಏನು, ಎಂದು ಅವರು ಕೇಳುತ್ತಿದ್ದಂತೆ ಫೋನಿಟ್ಟೆ. ಆ ವರದಿಯನ್ನು ಮರುದಿನ ಬರೆದೆ. 'ಅವಘಡಕ್ಕೆ ಕಾರಣ' ಎಂಬಲ್ಲಿ, ತರಬೇತುದಾರಳು ಕೊಟ್ಟ ತಪ್ಪು ಸೂಚನೆ, ಗಾಳಿಯಾಡದಂತೆ ಮಾಡಿಸಿದ ಕೋಣೆ ಎಂದು ಬರೆದು ಸಹಿ ಹಾಕಿದೆ. ಆ ಸಂಸ್ಥೆಯಲ್ಲಿ ನನ್ನ ಕೆಲಸ ಅಲ್ಲಿಗೆ ಮುಗಿಯಿತು.

ಅವಳ ಅತ್ತೆಯನ್ನು ಆಸ್ಪತ್ರೆಯಲ್ಲಿ ಬಿಟ್ಟು, ಎಚ್ಚರವೇ ಆಗದವಳನ್ನು ಒಳಗೆ ಬಿಟ್ಟು ನಾವು ಜೀಪು ಹತ್ತಿದೆವು. ಮಲಯಾಳಿಯೇ ಓಡಿಸಿದರು. ಸಂತೆಮರಹಳ್ಳಿಯ ರಸ್ತೆಯಲ್ಲಿ ಕಬ್ಬಿನ ಗಾಡಿಗಳು ಸಾಲುಗಟ್ಟಿದ್ದವು. ಪ್ರತಿ ಗಾಡಿಯ ಹಿಂದೆ ನಿಧಾನಿಸಬೇಕಾದಾಗಲೂ ದೊಡ್ಡವ್ವನ ಬಾಯಿಂದ "ಅಯ್ಯೋ ನಮ್ಮಪ್ಪ" ಎಂದು ಸಣ್ಣ ಸದ್ದು ಬರುತ್ತಿತ್ತು.

ನಾನು ತಡೆಯಲಾರದೆ ಹೇಳಿದೆ. "ತಪ್ಪು ನಂದು ದೊಡ್ಡವ್ವ. ಬಾಣಂತಿ ಅಂದವಳು ನಾನು."

"ನೀವ್ ಅಂದ್ರಿ. ಮಡಗ್ದೋಳು ನಾನು."

"ನಾನು ಬಿಡಿಸಿ ಹೇಳ್ಬೇಕಾಗಿತ್ತು."

"ನಾನ್ ಕೇಳ್ಬೇಕಾಗಿತ್ತು. ಈಗ್ ಸುಮ್ಕಿರಿ ಮೇಡಮ್ಮೋರೆ, ಆ ಪೋನ್ ಒತ್ತಿ."

ಒತ್ತಿದೆ. ರಿಂಗಾಗುತ್ತಲೇ ಇತ್ತು.

ಕುದೇರಿನ ಮನೆಯ ಮುಂದೆ ದೊಡ್ಡವ್ವನ ಮಗಳು ಅಕ್ಕಿ ಆರಿಸುತ್ತಾ ಕೂತಿದ್ದಳು. ಫೋನು ಒಳಗೆ ಎಲ್ಲೋ ಬಡಿದುಕೊಳ್ಳುತ್ತಿತ್ತು, ಮಗು ಎದ್ದೀತೆಂದು ದಿಂಬಿನಡಿ ಇಟ್ಟಿದ್ದರಂತೆ. ತಾಯಿಯನ್ನು ಕಂಡು ಅವಳು ಬೆರಗಾಗಿ ಏಳುವಷ್ಟರಲ್ಲಿ ದೊಡ್ಡವ್ವ ಅವಳನ್ನು ದಾಟಿ ಒಳಗೆ ಹೋಗಿದ್ದರು. ಹೊಸ ಮನೆ, ಇನ್ನೂ ಸುಣ್ಣದ ವಾಸನೆ. ಬಾಣಂತಿಯ ಕೋಣೆಯ ಬಾಗಿಲು ಮುಚ್ಚಿತ್ತು, ಕಿಟಕಿಗೆ ಟವೆಲ್ ತುರುಕಿತ್ತು. ಬಾಗಿಲು ತೆರೆದೊಡನೆ ಅದೇ ಹಿತವಾದ ಬೆಚ್ಚನೆ ಮುಖಕ್ಕೆ ಹೊಡೆಯಿತು.

ಮೊಮ್ಮಗಳು ಕಿವಿಗೆ ಬಟ್ಟೆ ಕಟ್ಟಿಕೊಂಡು ಮಂಚದ ಮೇಲೆ ಮಲಗಿದ್ದಳು. ಕಣ್ಣು ತೆರೆದಿತ್ತು. ಮೆಲ್ಲಗೆ, "ಅಜ್ಜಿ, ತಲ ಎತ್ತಕ್ ಆಗ್ದು ಕನ. ಮೂರ್ ದಿನಾಯ್ತು. ಮಗೂನೂ ಆಲ್ ಕುಡಿಯದ್ ಬುಟ್ಟದ, ಬರೀ ಮನಗ್ತದ" ಎಂದಳು.

ದೊಡ್ಡವ್ವ ಮಂಚದಡಿಯ ಅಗ್ಗಿಷ್ಟಿಕೆಯನ್ನು ಬರಿಗೈಯಲ್ಲೇ ಎತ್ತಿಕೊಂಡು ಅಂಗಳ ದಾಟಿ ಬೀದಿಗೆ ಸುರಿದರು. ನಾನು ಮಗುವನ್ನೂ ತಾಯಿಯನ್ನೂ ಬಿಸಿಲಿಗೆ ತಂದೆ. ಮಗಳಿಗೆ ಸಿಟ್ಟು ಬಂದಿತ್ತು.

"ಏನವ್ವ ಇದು, ಅಸಿ ಮೈಯವ್ಳನ್ನ ಗಾಳಿಗ್ ಎಳೀತಿದ್ದೀರಿ? ಕೆಂಡ ಆರಬಾರ್ದು ಅಂತ ನೀನೇ ತಾನೇ ಏಳಿದ್ದು?"

"ನಾನೇ ಏಳಿದ್ದು" ಎಂದರು ದೊಡ್ಡವ್ವ. ಅವರ ಅಂಗೈ ಎರಡೂ ಸುಟ್ಟು ಕೆಂಪಾಗಿದ್ದವು. "ಇನ್ಮೇಲ್ ಅಂಗ್ ಏಳುದ್ರ ನನ್ ಮಾತ್ ಕೇಳ್ಬ್ಯಾಡಿ."

ಬಿಸಿಲಿನಲ್ಲಿ ಕೂತ ಸ್ವಲ್ಪ ಹೊತ್ತಿಗೆ ಮಗು ಮುಖ ಕಿವುಚಿ ಜೋರಾಗಿ ಅತ್ತಿತು. ಅಷ್ಟು ಚೆಂದದ ಸದ್ದನ್ನು ನಾನು ಕೇಳಿಲ್ಲ. ತಾಯಿ ಮಗು ಇಬ್ಬರನ್ನೂ ಅದೇ ಜೀಪಿನಲ್ಲಿ ಆಸ್ಪತ್ರೆಗೆ ಕರೆತಂದೆವು. ಸಕಾಲಕ್ಕೆ ತಂದಿರಿ ಎಂದರು ವೈದ್ಯೆ. ಇಬ್ಬರಿಗೂ ಆಮ್ಲಜನಕ ಕೊಟ್ಟು ವಾರ್ಡಿನಲ್ಲಿ ಉಳಿಸಿಕೊಂಡರು.

ಸಂಜೆಯಾಗುತ್ತಿತ್ತು. ಥರ್ಮಾಮೀಟರಿನವಳಿಗೆ ಎಚ್ಚರವಾಗಿದೆ, ಒಬ್ಬೊಬ್ಬರೇ ನೋಡಬಹುದು ಎಂದು ನರ್ಸು ಬಂದು ಹೇಳಿದರು. ಆದರೆ ಏನೇನೋ ಮಾತಾಡುತ್ತಾಳೆ, ಸರಿಹೋಗಲು ದಿನ ಹಿಡಿಯುತ್ತದೆ, ಗಾಬರಿಯಾಗಬೇಡಿ ಎಂದರು. ದೊಡ್ಡವ್ವ ಬಾಗಿಲಲ್ಲೇ ನಿಂತುಬಿಟ್ಟರು. ನಾನು ಬೆನ್ನ ಮೇಲೆ ಕೈಯಿಟ್ಟು ಒಳಗೆ ಕಳಿಸಿದೆ. ಒಬ್ಬರೇ ಎಂದಿದ್ದರೂ ಹಿಂದೆಯೇ ಹೋದೆ.

ಅವಳು ಮಂಚದ ಮೇಲೆ ಕಂಬಳಿ ಹೊದ್ದು ಮಲಗಿದ್ದಳು. ಕಣ್ಣು ಸುತ್ತೆಲ್ಲ ಹುಡುಕುತ್ತಿತ್ತು. ನನ್ನನ್ನು ಗುರುತಿಸಲಿಲ್ಲ. ಕೈಗೆ ಬ್ಯಾಂಡೇಜು ಸುತ್ತಿಕೊಂಡು ಕಾಲದೆಸೆಯಲ್ಲಿ ನಿಂತ ದೊಡ್ಡವ್ವನನ್ನು ಕಂಡೊಡನೆ ಅವಳ ಮುಖ ಸಡಿಲವಾಯಿತು. ಹಾಸಿಗೆ, ಕಂಬಳಿ, ಎದುರಿಗೆ ದೊಡ್ಡವ್ವ. ಅವಳ ಮಂಕು ತಲೆಗೆ ಇದು ಏನೆಂದು ಹೊಳೆಯಿತೋ, ಪಕ್ಕದಲ್ಲಿ ತಡವಿ ತಡವಿ ಏನೋ ಹುಡುಕಿದಳು. ಸಿಗದಿದ್ದಾಗ ಗಾಬರಿಯಿಂದ ಕೇಳಿದಳು.

"ಮಗ ಎಲ್ಲಿ ದೊಡ್ಡವ್ವ? ನಂಗ್ ಏನ್ ಮಗ ಆಯ್ತು?"

ದೊಡ್ಡವ್ವ ಹೋಗಿ ಅವಳ ತಲೆದೆಸೆಯಲ್ಲಿ ಕೂತು, ಬ್ಯಾಂಡೇಜಿನ ಕೈಯಿಂದಲೇ ಹಣೆಯ ಕೂದಲು ಸರಿಸಿದರು.

"ಎಣ್ ಮಗ ಕಣಮ್ಮಿ" ಎಂದರು. "ನೀನೇ. ಈಗ್ ತಾನೇ ಉಟ್ಟಿದೀಯ."

ಅವಳು ಸಮಾಧಾನವಾದವಳಂತೆ ಕಣ್ಣು ಮುಚ್ಚಿದಳು. ನಾನು ಹೊರಗೆ ಬಂದು ಮಲಯಾಳಿಯ ಮುಂದೆ ನಾಚಿಕೆ ಬಿಟ್ಟು ಅತ್ತುಬಿಟ್ಟೆ.